ಉದ್ಘಾಟನೆಗೆ ಮೊದಲೇ ಹರಿದ ನಲ್ಲಿ

ಔರಂಗಾಬಾದಿನ ಚಿಕಲಠಾಣಾದ ಪಂಪು ಕಾರ್ಖಾನೆಯ ಹಿಂದಿನ ಗೋಡೆಯ ಬಳಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ನಲ್ಲಿಯ ಮುಂದೆ ಕೊಡಗಳು ಸಾಲಾಗಿ ಕೂತಿವೆ. ಕೊಡಗಳ ಒಡತಿಯರು ಪಕ್ಕದಲ್ಲಿ ನಿಂತು ಹರಟುತ್ತಿದ್ದಾರೆ. ಅವರ ನಡುವೆ, ಸೈಕಲ್ಲಿಗೆ ಒರಗಿಕೊಂಡು, ಇಸ್ತ್ರಿ ಮಾಡಿದ ಬಿಳಿ ಅಂಗಿಯ ಒಬ್ಬ ಗಂಡಸು. ನೀರಿಗೆ ಬಂದವರಲ್ಲ, ಕೈಯಲ್ಲಿ ಕೊಡವಿಲ್ಲ. ಗಂಡನ ಹೆಸರು ಹಾಜರಿಯಲ್ಲಿ ಬಿಟ್ಟುಹೋಗಿದೆ ಎಂದು ಒಬ್ಬಾಕೆಯ ದೂರು. ಕ್ಯಾಂಟೀನಿನ ಬೇಳೆ ಬೇಯುವುದೇ ಇಲ್ಲ ಎಂದು ಇನ್ನೊಬ್ಬಾಕೆಯದು. ಬಿಳಿ ಅಂಗಿಯವರು ಒಬ್ಬರಿಗೆ ಮರಾಠಿಯಲ್ಲಿ, ಒಬ್ಬರಿಗೆ ಉರ್ದುವಿನಲ್ಲಿ, ಆಳಂದ ಕಡೆಯ ರುಕ್ಮಿಣಿಬಾಯಿಗೆ ಕನ್ನಡದಲ್ಲಿ ಉತ್ತರ ಕೊಡುತ್ತಾರೆ.

ಇವರು ಗುರುಲಿಂಗಪ್ಪ, ಕಾರ್ಖಾನೆಯ ಜನಸಂಪರ್ಕ ಸಹಾಯಕ. ಜನಸಂಪರ್ಕವೆಂದರೆ ಕಾರು, ಕೋಟು, ಹೋಟೆಲಿನ ಊಟ ಎಂದು ನಂಬಿದವರು ಒಮ್ಮೆ ಈ ಕೆಸರಿಗೆ ಬಂದು ನಿಲ್ಲಬೇಕು. ಅವರ ಮೇಲಧಿಕಾರಿ ಕೃಷ್ಣರಾಜ ಈಚೆಗೆ ನಾಸಿಕದ ಮುಖ್ಯ ಕಚೇರಿಗೆ ವರ್ಗವಾದರು. ತೆರವಾದ ಕುರ್ಚಿ ನ್ಯಾಯವಾಗಿ ಗುರುಲಿಂಗಪ್ಪನವರಿಗೇ ಬರಬೇಕು. ಆದರೆ ಕಂಪನಿ ಒಂದು ಷರತ್ತು ಹಾಕಿದೆ: ಹೋದ ಬೇಸಿಗೆಯಲ್ಲಿ ಈ ನಲ್ಲಿಯ ವಿಷಯದಲ್ಲಿ ಮಾಡಿದ್ದು ತಪ್ಪಾಯಿತೆಂದು ಅವರು ಬರೆದುಕೊಡಬೇಕು.

ಗುರುಲಿಂಗಪ್ಪ ಬೀದರ ಜಿಲ್ಲೆಯ ಭಾಲ್ಕಿ ಕಡೆಯವರು. ೧೯೬೪ರಲ್ಲಿ ಕೆಲಸ ಹುಡುಕಿಕೊಂಡು ಔರಂಗಾಬಾದಿಗೆ ಬಂದಾಗ ಸಿಕ್ಕಿದ್ದು ಪಂಪುಗಳಿಗೆ ಹುಲ್ಲು ಸುತ್ತಿ, ಮರದ ಪೆಟ್ಟಿಗೆಗೆ ಮೊಳೆ ಹೊಡೆಯುವ ಕೆಲಸ. ಒಂದು ದಿನ ಹೈದರಾಬಾದಿನ ವ್ಯಾಪಾರಿಗಳು ಕಾರ್ಖಾನೆ ನೋಡಲು ಬಂದರು. ಅವರಿಗೆ ಉರ್ದುವಿನಲ್ಲಿ ವಿವರಿಸುವವರು ಯಾರೂ ಇರಲಿಲ್ಲ. ಸುತ್ತಿಗೆ ಕೆಳಗಿಟ್ಟು ಅವರ ಜತೆ ಹೋದ ಗುರುಲಿಂಗಪ್ಪ ಮತ್ತೆ ಸುತ್ತಿಗೆ ಹಿಡಿಯಲಿಲ್ಲ.

ಅಂದಿನಿಂದ ಬಂದವರಿಗೆ ಹಾರ ತರುವವರು ಅವರೇ, ಫೋಟೋ ತೆಗೆಸುವವರು ಅವರೇ. ಕಾರ್ಖಾನೆಯ ಸುದ್ದಿಯನ್ನು ಔರಂಗಾಬಾದಿನ ಪತ್ರಿಕೆಗಳಿಗೆ ಸೈಕಲ್ಲಿನಲ್ಲಿ ಮುಟ್ಟಿಸುತ್ತಾರೆ, ನಾಸಿಕದ ಪತ್ರಿಕೆಗಳಿಗೆ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸುತ್ತಾರೆ. ಸುದ್ದಿ ಚೆನ್ನಾಗಿ ಬಂದರೆ ಅದು ಸಾಹೇಬರ ಬುದ್ಧಿವಂತಿಕೆ. ಫೋಟೋದಲ್ಲಿ ಮಾಲೀಕರ ಕಣ್ಣು ಮುಚ್ಚಿದ್ದರೆ ಅದು ಗುರುಲಿಂಗಪ್ಪನವರ ತಪ್ಪು.

ಈಗ ಈ ಕಸುಬಿಗೂ ಮುಂಬಯಿಯ ಹೊಸ ಗಾಳಿ ಬೀಸಿದೆ. ‘ಪ್ರಚಾರ ವಿಭಾಗ’ ಎಂಬ ಹಳೆಯ ಫಲಕ ಇಳಿದು ‘ಜನಸಂಪರ್ಕ ವಿಭಾಗ’ ಏರಿದೆ. ಸುದ್ದಿಯ ಜತೆಗೆ ಪತ್ರಕರ್ತರ ಕೈಗೆ ಉಡುಗೊರೆಯ ಚೀಲವೂ ಹೋಗುತ್ತದೆ. ಫಲಕ ಹೊಸದಾದರೂ ಕೆಲಸ ಹಳೆಯದೇ, ಮಾಲೀಕರ ಮುಖವನ್ನು ಪತ್ರಿಕೆಯಲ್ಲಿ ಕೂರಿಸುವುದು. ಗುರುಲಿಂಗಪ್ಪ ಮಾತ್ರ ಹೊಸ ಫಲಕವನ್ನು ನಿಜವೆಂದೇ ನಂಬಿಬಿಟ್ಟರು. "ಜನಸಂಪರ್ಕ ಅಂತ ಬರ್ದಾರಲ್ರಿ. ಹಂಗಂದ್ರ ಜನ ಎಲ್ಲಿ ಅದಾರ, ನಾವೇ ಅಲ್ಲಿಗಿ ಹೋಗಬೇಕು" ಎನ್ನುತ್ತಾರೆ.

ನಲ್ಲಿಯ ಕಥೆ ಹೀಗೆ. ಕಾರ್ಖಾನೆಯ ಗೋಡೆಯಾಚೆ ಗುತ್ತಿಗೆ ಕೂಲಿಗಳ ಗುಡಿಸಲುಗಳಿವೆ. ಊರೂರಿಗೆ ನೀರೆತ್ತುವ ಪಂಪು ಕಳಿಸುವ ಕಾರ್ಖಾನೆಯ ಬೆನ್ನಿಗೇ ಇದ್ದ ಈ ಹೆಂಗಸರು ದೂರದ ಬಾವಿಯಿಂದ ನೀರು ಹೊರುತ್ತಿದ್ದರು. ಕಂಪನಿಗೂ ನಾಚಿಕೆಯಾಗಿರಬೇಕು, ಒಂದು ನಲ್ಲಿ ಹಾಕಿಸಿತು. ಹಾಕಿಸಿದ ಮೇಲೆ ಮಂತ್ರಿಗಳು ಬೇಡವೇ, ಫೋಟೋ ಬೇಡವೇ? ಮಂತ್ರಿಗಳ ದಿನಾಂಕ ಸಿಗಲಿಲ್ಲ. ನಲ್ಲಿಗೆ ತಗಡಿನ ಪೆಟ್ಟಿಗೆ ತೊಡಿಸಿ, ಬೀಗ ಜಡಿದು, ಮೇಲೊಂದು ಕೆಂಪು ರಿಬ್ಬನ್ ಕಟ್ಟಿದರು. ದಿನಾಂಕ ಎರಡು ಸಲ ಮುಂದೆ ಹೋಯಿತು. ಅಷ್ಟರಲ್ಲಿ ಬೇಸಿಗೆ ನೆತ್ತಿಗೇರಿತ್ತು.

ಬೀಗದ ಕೀಲಿ ಇದ್ದದ್ದು ಗುರುಲಿಂಗಪ್ಪನವರ ಮೇಜಿನಲ್ಲಿ, ಉದ್ಘಾಟನೆಯ ತನಕ ತೆಗೆಯಕೂಡದೆಂಬ ಅಪ್ಪಣೆಯ ಜತೆಗೆ. ಒಂದು ಸಂಜೆ ಖಾಲಿ ಕೊಡ ಸೊಂಟದಲ್ಲಿಟ್ಟುಕೊಂಡ ರುಕ್ಮಿಣಿಬಾಯಿ ಅವರ ಸೈಕಲ್ ನಿಲ್ಲಿಸಿದರು.

"ಅಣ್ಣಾ, ಮಂತ್ರಿಗಿ ಪುರಸೊತ್ತು ಆಗೋತನಕ ನಮ್ಮ ಮಕ್ಕಳು ನೀರಡಿಸಬಾರ್ದು ಅಂತ ಏನರ ಕಾನೂನು ಅದಾ?"

ಮರುದಿನ ಬೆಳಗಿನ ಜಾವ ಗುರುಲಿಂಗಪ್ಪ ರಿಬ್ಬನ್ ಬಿಚ್ಚಿದರು, ಬೀಗ ತೆಗೆದರು, ಕೊಡಗಳೆಲ್ಲ ತುಂಬಿದ ಮೇಲೆ ಬೀಗ ಹಾಕಿ ರಿಬ್ಬನ್ ಮತ್ತೆ ಕಟ್ಟಿದರು. ಆಮೇಲೆ ದಿನವೂ ಅದೇ ಪಾಠ. ಕಟ್ಟಿ ಬಿಚ್ಚಿ ಮುದುಡಿದ ರಿಬ್ಬನ್ನನ್ನು ಮನೆಯಲ್ಲಿ ಹೆಂಡತಿ ಶಾಂತಾಬಾಯಿ ನೇರ ಮಾಡಿಕೊಡುತ್ತಿದ್ದರು. "ಆ ಬೇಸಿಗ್ಯಾಗ ನಾ ನನ್ನ ಸೀರಿಗಿಂತ ರಿಬ್ಬನ್ನೇ ಜಾಸ್ತಿ ಇಸ್ತ್ರಿ ಮಾಡೀನ್ರಿ" ಎಂದು ಆಕೆ ಈಗಲೂ ನಗುತ್ತಾರೆ.

ಕೊನೆಗೂ ಮಂತ್ರಿಗಳು ಬರುವುದು ಗೊತ್ತಾಯಿತು. ಹಿಂದಿನ ದಿನ ಕೃಷ್ಣರಾಜ ಜಾಗ ನೋಡಲು ಬಂದರು. ಇನ್ನೂ ಹರಿಯದ ನಲ್ಲಿಯ ಸುತ್ತ ನೆಲವೆಲ್ಲ ಒದ್ದೆ, ಬದಿಗೆ ಹಸಿರು ಹುಲ್ಲು, ಯಾರೋ ನೆಟ್ಟ ಪುದೀನಾ ಬೇರೆ. ಗುರುಲಿಂಗಪ್ಪ ಏನನ್ನೂ ಮುಚ್ಚಿಡಲಿಲ್ಲ.

"ಆದದ್ದು ಆಯ್ತು. ನೀರು ನಾಳೆಯೇ ಮೊದಲ ಸಲ ಬರೋದು ಅಂತ ಆ ಹೆಂಗಸರಿಗೆ ಹೇಳಿಕೊಡಿ. ಪತ್ರಿಕೆಯವರು ಕೇಳ್ತಾರೆ" ಎಂದರು ಮೈಸೂರು ಕಡೆಯ ಕೃಷ್ಣರಾಜ.

"ನನ್ನ ಮ್ಯಾಲ ಏನು ಬೇಕಾದ್ರೂ ಬರ್ಕೊಳ್ರಿ ಸಾಹೇಬ್ರ. ಅವರ ಬಾಯಿಲೆ ಸುಳ್ಳು ಹೇಳಸೋದು ನನ್ನ ಕೈಲೆ ಆಗಂಗಿಲ್ಲ" ಎಂದರು ಗುರುಲಿಂಗಪ್ಪ.

ಮರುದಿನ ಮಂತ್ರಿಗಳು ರಿಬ್ಬನ್ ಕತ್ತರಿಸಿದರು, ನಲ್ಲಿ ಸುರಿಯಿತು, ಚಪ್ಪಾಳೆ ಬಿತ್ತು. ವರದಿಗಾರರೊಬ್ಬರು ಸಾಲಿನ ಮುಂದಿದ್ದ ರುಕ್ಮಿಣಿಬಾಯಿಯನ್ನು, ನೀರು ಬಂದದ್ದು ಹೇಗನಿಸುತ್ತಿದೆ ಎಂದು ಮರಾಠಿಯಲ್ಲಿ ಕೇಳಿದರು. ಆಕೆಯೂ ಮರಾಠಿಯಲ್ಲೇ, ಏನೂ ಅರಿಯದವರಂತೆ ಹೇಳಿದರು: ಇವತ್ತು ಯಾಕೋ ಬಹಳ ತಡವಾಯಿತು, ದಿನಾ ಬೆಳಗಾಗುವ ಮೊದಲೇ ಬರುತ್ತಿತ್ತು.

ಕೃಷ್ಣರಾಜರ ಮುಖ ಬಿಳಿಚಿತು. ಆದರೆ ಮಂತ್ರಿಗಳು ನಕ್ಕರು, ಅವರು ನಕ್ಕರೆಂದು ಮಾಲೀಕರೂ ನಕ್ಕರು. ಸಮಾರಂಭಕ್ಕೆ ಕಾಯದೆ ಬಡವರಿಗೆ ನೀರು ಕೊಟ್ಟ ಕಂಪನಿ ಎಂದು ಪತ್ರಿಕೆಗಳು ಬಾಯ್ತುಂಬ ಹೊಗಳಿದವು. ಕಂಪನಿಯ ಬಗ್ಗೆ ಅಷ್ಟು ಒಳ್ಳೆಯ ಸುದ್ದಿ ಹಿಂದೆಂದೂ ಬಂದಿರಲಿಲ್ಲ. ಅದಕ್ಕಾಗಿ ಕೃಷ್ಣರಾಜರಿಗೆ ನಾಸಿಕದಲ್ಲಿ ಬಡ್ತಿ ಸಿಕ್ಕಿತು. ಅಪ್ಪಣೆ ಮೀರಿದ್ದಕ್ಕೆ ಗುರುಲಿಂಗಪ್ಪನವರಿಗೆ ಮೆಮೊ ಸಿಕ್ಕಿತು. ಹೊರಗೆ ಹೊಗಳಿಕೆಯನ್ನು ಸ್ವೀಕರಿಸಿ ಒಳಗೆ ಮೆಮೊ ಕೊಡುವ ಈ ಜಾಣತನ ಕಂಡರೆ ಮೈ ಉರಿಯುತ್ತದೆ. ಗುರುಲಿಂಗಪ್ಪನವರಿಗೆ ಮಾತ್ರ ಅಂಥ ಉರಿಯೇನೂ ಇಲ್ಲ. ಈಗ ಕಂಪನಿಯ ನಾಸಿಕದ ಕಾರ್ಖಾನೆಯ ಹೊರಗೂ ಒಂದು ನಲ್ಲಿ ಬರುತ್ತಿದೆಯಂತೆ. "ಅದಕ್ಕರೆ ಪೆಟ್ಟಿಗಿ ಮಾಡಸಬ್ಯಾಡ್ರಿ ಅಂತ ಹೇಳಿ ಬಂದೀನಿ. ಅಷ್ಟಾದ್ರ ಸಾಕು" ಎನ್ನುತ್ತಾರೆ.

ಹೇಳಿ ಬಂದದ್ದು ಕಳೆದ ವಾರ. ತಪ್ಪೊಪ್ಪಿಗೆಯ ಕಾಗದ ಅಂಗಿಯ ಜೇಬಿನಲ್ಲಿಟ್ಟುಕೊಂಡು ನಾಸಿಕದ ಬಸ್ಸು ಹತ್ತಿದ್ದರು. ಕಾಗದದಲ್ಲಿ ಎರಡೇ ಮಾತು. ಕೃಷ್ಣರಾಜ ಓದಿ, ಮೊದಲನೆಯದಕ್ಕೆ ತಲೆಯಾಡಿಸಿ, ಎರಡನೆಯದರ ಮೇಲೆ ಬೆರಳಿಟ್ಟರು. "ಇದೊಂದು ತೆಗೆದು ಬರ್ಕೊಡಿ ಗುರುಲಿಂಗಪ್ಪನವರೇ, ಕುರ್ಚಿ ನಿಮ್ಮದು" ಎಂದರಂತೆ, ಪ್ರೀತಿಯಿಂದಲೇ. ಗುರುಲಿಂಗಪ್ಪ ಕಾಗದ ವಾಪಸು ಜೇಬಿಗೆ ಸೇರಿಸಿ, ನಮಸ್ಕಾರ ಮಾಡಿ, ಬಸ್ಸು ಹಿಡಿದು ಬಂದರು. ಅಧಿಕಾರಿಯ ಕುರ್ಚಿ ಇನ್ನೂ ಖಾಲಿಯಿದೆ.

ಏನಿತ್ತು ಆ ಎರಡು ಮಾತು ಎಂದರೆ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ: "ಕೇಳದೇ ಕೀಲಿ ತೆಗದಿದ್ದು ತಪ್ಪೇ ರೀ, ಎಷ್ಟು ಸಲ ಬೇಕಾದ್ರೂ ಬರ್ಕೊಡ್ತೀನಿ. ನೀರು ಬಿಟ್ಟಿದ್ದು ತಪ್ಪಲ್ಲ."