ಮೌನಪ್ಪನವರು ಉಜ್ಜಿದ ಗಿಟಾರು

ಯಾರಾದರೂ ಗಿಟಾರನ್ನು ರಿಪೇರಿಗೆ ತಂದರೆ ಮೌನಪ್ಪನವರು ಮೊದಲು ಗಿಟಾರು ನೋಡುತ್ತಿರಲಿಲ್ಲ, ತಂದವರ ಎಡಗೈ ನೋಡುತ್ತಿದ್ದರು. ಬೆರಳು ಬಿಡಿಸಿ, ಹೆಬ್ಬೆರಳ ಬುಡ ಒತ್ತಿ, ಬಡಗಿಯ ಪೆನ್ಸಿಲನ್ನು ಅಂಗೈಗೆ ಅಡ್ಡ ಇಟ್ಟು ಅಳೆಯುತ್ತಿದ್ದರು. ಯಲಬುರ್ಗಾದಿಂದ ಬಂದಿದ್ದ ಮೇಷ್ಟ್ರೊಬ್ಬರು, ಇವರು ಹಸ್ತರೇಖೆಯನ್ನೂ ಬಲ್ಲವರೆಂದು ತಿಳಿದು, ತಮಗೆ ವರ್ಗಾವಣೆ ಯಾವಾಗ ಎಂದು ಕೇಳಿಬಿಟ್ಟಿದ್ದರು. "ಮೊದ್ಲ ಉಗುರ ಕತ್ತರಿಸ್ಕೊಂಡು ಬರ್ರಿ ಸರ, ಆಮ್ಯಾಲೆ ವರ್ಗದ ಮಾತು" ಎಂದು ಇವರು ಅವರನ್ನು ವಾಪಸ್ಸು ಕಳಿಸಿದ್ದರು.

ಕೊಪ್ಪಳಕ್ಕೆ ಅಂಟಿಕೊಂಡಿರುವ ಭಾಗ್ಯನಗರದಲ್ಲಿ ಅವರದು ಬಾಗಿಲು, ಚೌಕಟ್ಟು ಮಾಡುವ ಅಂಗಡಿ. ಗಿಟಾರು ನುಡಿಸಲು ಬರುತ್ತಿರಲಿಲ್ಲ. ಪರೀಕ್ಷೆಗೆ ಮೂರು ಸ್ವರ ಮೀಟುತ್ತಿದ್ದರು, ನಾಲ್ಕನೆಯದು ಅವರಿಗೆ ಗೊತ್ತೇ ಇರಲಿಲ್ಲ. ಆದರೆ ಸುತ್ತಲಿನ ಎಲ್ಲ ಆರ್ಕೆಸ್ಟ್ರಾದವರೂ ಅವರಲ್ಲಿಗೇ ಬರುತ್ತಿದ್ದರು. ಗಂಗಾವತಿಯ ಗದ್ದೆಗಾಳಿಗೆ ಊದಿಕೊಂಡ ಕಟ್ಟಿಗೆ ಯಾವುದು, ಕುಷ್ಟಗಿಯ ಬಿಸಿಲಿಗೆ ಸೊಟ್ಟಗಾದದ್ದು ಯಾವುದು ಎಂದು ಮುಟ್ಟಿಯೇ ಹೇಳುತ್ತಿದ್ದರು.

ಅಂಗಡಿಯ ಗೋಡೆಗೆ ಎರಡು ಎಲೆಕ್ಟ್ರಿಕ್ ಗಿಟಾರು ತೂಗುತ್ತಿದ್ದವು. ಒಂದು ಅಮೆರಿಕದ್ದು, ಅರವತ್ತರ ದಶಕದ್ದು. ಆನೆಗೊಂದಿಯ ಬಂಡೆ ಹತ್ತಲು ಬಂದಿದ್ದ ವಿದೇಶಿಯೊಬ್ಬ ಮುರಿದ ಗಿಟಾರನ್ನು ಹೊತ್ತು ತಿರುಗಲಾರದೆ ಅವರಿಗೇ ಕೊಟ್ಟು ಹೋಗಿದ್ದ. ಇನ್ನೊಂದು ಜಪಾನಿನದು, ಅದಕ್ಕಿಂತ ಇಪ್ಪತ್ತು ವರ್ಷ ಚಿಕ್ಕದು. ಹಳೆಯದರಲ್ಲಿ ಎಡಗೈ ಹಿಡಿಯುವ ಕುತ್ತಿಗೆ ದಪ್ಪ. ಬೆರಳಾಡುವ ಹಲಗೆ ಅಡ್ಡಡ್ಡಕ್ಕೆ ಉಬ್ಬಿತ್ತು. ನಾಲ್ಕು ತಂತಿ ಒಟ್ಟಿಗೆ ಒತ್ತಿ ಹಿಡಿಯಲು ಅದು ಸುಖ. ಆದರೆ ಗಮಕಕ್ಕಾಗಿ ಒಂದು ತಂತಿಯನ್ನು ಅಡ್ಡ ಎಳೆದರೆ, ಅದು ಉಬ್ಬಿನ ಮೇಲೆ ಮುಂದಿನ ಮೆಟ್ಟಿಲಿಗೆ, ಅಂದರೆ ಹಲಗೆಗೆ ಅಡ್ಡ ಕೂರಿಸಿದ ಲೋಹದ ಪಟ್ಟಿಗೆ, ತಗುಲಿ ಸ್ವರ ಅಲ್ಲೇ ಸಾಯುತ್ತಿತ್ತು. ಜಪಾನಿನದರ ಕುತ್ತಿಗೆ ತೆಳು, ಹಲಗೆ ಸಪಾಟು, ಎಷ್ಟು ಎಳೆದರೂ ಸ್ವರ ನಿಲ್ಲುತ್ತಿತ್ತು. ಹಾಗಾದರೆ ಅದನ್ನೇ ನುಡಿಸಬಹುದಲ್ಲ ಎಂದರೆ ಮೌನಪ್ಪನವರು ಮೂಗು ಮುರಿಯುತ್ತಿದ್ದರು. ಗುಂಯ್ ಎನ್ನುವ ಸದ್ದು ಅಡಗಿಸಲು ಕಂಪನಿಯವರು ಅದಕ್ಕೆ ತಂತಿಯ ದನಿ ಹಿಡಿಯುವ ಸುರುಳಿಗಳನ್ನು ಜೋಡಿಯಾಗಿ ಹಾಕಿದ್ದರು. ಸದ್ದಿನ ಜೊತೆ ದನಿಯ ಮೊನಚೂ ಹೋಗಿತ್ತು.

"ಹಳೇದಕ್ಕ ಬಾಯಿ ಛಲೋ ಐತಿ, ಮೈ ಮೊಂಡ. ಹೊಸಾದ್ಕ ಮೈ ಛಲೋ ಐತಿ, ಆದ್ರ ಕಂಬಳಿ ಹೊದ್ಕೊಂಡು ಮಾತಾಡತೈತಿ" ಎನ್ನುತ್ತಿದ್ದರು.

ಅವರಿಗೆ ತೀರಾ ಇಷ್ಟವಾದದ್ದು ಹಳೆಯದರ ದನಿ ಬದಲಿಸುವ ಸ್ವಿಚ್ಚು. ಕಂಪನಿ ಅದಕ್ಕೆ ಮೂರೇ ಜಾಗ ಕೊಟ್ಟಿತ್ತು. ನುಡಿಸುವವರು ಅದನ್ನು ಎರಡು ಜಾಗಗಳ ನಡುವೆ ಸಿಕ್ಕಿಸಿ ಹೊಸ ದನಿ ತೆಗೆದರು. ಕೊನೆಗೆ ಕಂಪನಿಯೇ ಐದು ಜಾಗದ ಸ್ವಿಚ್ಚು ಮಾಡಿತು. "ನುಡಸಾವ್ರು ಹಟ ಹಿಡಿದ್ರ ಮಾಡಾವ್ರು ಬಗ್ಗತಾರ ನೋಡ್ರಿ" ಎಂದು, ಆ ಹಟ ಹಿಡಿದವರು ಭಾಗ್ಯನಗರದವರೇ ಎನ್ನುವಂತೆ ಮೀಸೆ ತಿರುವುತ್ತಿದ್ದರು.

ನಾನು ಗಂಗಾವತಿಯಲ್ಲಿ ಶಾಲಾ ಶಿಕ್ಷಕಿ. ರಜೆಯ ದಿನಗಳಲ್ಲಿ ಆರ್ಕೆಸ್ಟ್ರಾದಲ್ಲಿ ಗಿಟಾರು ನುಡಿಸುತ್ತಿದ್ದೆ. ಮೌನಪ್ಪನವರು ತಮ್ಮ ಹಳೆಯ ಗಿಟಾರನ್ನು ನನಗೆ ನುಡಿಸಲು ಕೊಡುತ್ತಿದ್ದರು. ಒಂದು ಹಾಡಿನ ನಡುವೆ ಸ್ವರವನ್ನು ಎಳೆದು ನಿಲ್ಲಿಸಬೇಕಿತ್ತು. ಮೂರು ಮದುವೆಗಳಲ್ಲಿ ಮೂರು ಸಲವೂ ಅದು ನನ್ನ ಬೆರಳಡಿಯಲ್ಲಿ ಸತ್ತಿತು. ಆರ್ಕೆಸ್ಟ್ರಾದ ಯಜಮಾನ ಬಸವರಾಜ ನಯವಾಗಿಯೇ ಹೇಳಿದ: "ಹೆಣ್ಮಕ್ಕಳ ಕೈಗೆ ಇದು ಒಗ್ಗೂದಿಲ್ರಿ ಮೇಡಂ. ಕುಷ್ಟಗಿ ಕಾರ್ಯಕ್ರಮದಾಗ ಇನ್ನೊಮ್ಮೆ ತಪ್ಪಿದ್ರ ಆ ಭಾಗ ಕೀಬೋರ್ಡಿನಾಂವ ನುಡಸ್ತಾನ. ನೀವು ಕೋರಸ್ಸಿಗೆ ಬರ್ರಿ." ಮೈ ಉರಿದುಹೋಯಿತು. ಅದಕ್ಕಿಂತ ಹೆಚ್ಚು ಉರಿದದ್ದು, ಅವನ ಮಾತನ್ನು ನಾನೇ ಅರ್ಧ ನಂಬಿದ್ದಕ್ಕೆ.

ಮೌನಪ್ಪನವರಿಗೆ ಹೇಳಲು ಹೋದಾಗ ಅಂಗಡಿಯಲ್ಲಿ ಹೈದರಾಬಾದಿನಿಂದ ಬಂದ ಒಬ್ಬ ಸಂಗ್ರಾಹಕರು ಕುಳಿತಿದ್ದರು. ಬಿಳಿ ಕೈಗವಸು ಹಾಕಿಕೊಂಡು ಹಳೆಯ ಗಿಟಾರನ್ನು ತಿರುಗಿಸಿ ನೋಡುತ್ತಿದ್ದರು. ಮೊಳೆ ಕೂಡ ಮೂಲದ್ದೇ, ಏನನ್ನೂ ಮುಟ್ಟಬೇಡಿ, ಕೇಳಿದಷ್ಟು ಕೊಡುತ್ತೇನೆ ಎಂದರು.

"ತಗೊಂಡು ಹೋಗಿ ಯಾರು ನುಡಸ್ತೀರಿ?" ಎಂದರು ಮೌನಪ್ಪನವರು.

"ನುಡಿಸೋದಾ? ಗಾಜಿನ ಕಪಾಟಿನಲ್ಲಿಡ್ತೀನಿ."

"ಹಂಗಾರ ನಮಸ್ಕಾರ್ರಿ" ಎಂದು ಗಿಟಾರನ್ನು ಕಸಿದುಕೊಂಡರು. ನಾನು ಬಸವರಾಜನ ಮಾತು ಹೇಳಿದೆ. ಅವರು ನನ್ನ ಕೈ ಹಿಡಿದು ಸಂಗ್ರಾಹಕರ ಮುಂದೆ ಚಾಚಿ ತೋರಿಸಿದರು. "ಈ ಕೈಯಾಗ ತಪ್ಪಿಲ್ಲ. ಐವತ್ತು ವರ್ಷದ ಹಿಂದ ಯಾರದೋ ದೊಡ್ಡ ಕೈ ನೋಡಿ ಮಾಡ್ಯಾರ ಇದನ್ನ. ಇವ್ರ ಕೈ ನೋಡಿಲ್ಲ." ಅಷ್ಟೇ ಮಾತು. ತಂತಿ ಬಿಚ್ಚಿದರು, ಮೆಟ್ಟಿಲುಗಳನ್ನು ಇಕ್ಕಳದಿಂದ ಕಿತ್ತರು, ಕಟ್ಟಿಗೆ ಹೆರೆಯುವ ಹತ್ತರಿ ಹಿಡಿದು ಹಲಗೆಯ ಮೇಲೂ ಕುತ್ತಿಗೆಯ ಬೆನ್ನ ಮೇಲೂ ಎಳೆದೇಬಿಟ್ಟರು. ಸಂಗ್ರಾಹಕರು ಎದೆ ಹಿಡಿದುಕೊಂಡು ಎದ್ದು ಹೋದರು.

ಎರಡು ದಿನ ಬಿಟ್ಟು ಹೋದೆ. ಕುತ್ತಿಗೆ ತೆಳುವಾಗಿತ್ತು, ಹಲಗೆಯ ಉಬ್ಬು ಹೋಗಿತ್ತು, ಎಳೆದ ಸ್ವರ ಮೋಡದ ತನಕ ಹೋಗುವ ಹಾಗೆ ನಿಂತಿತು. ಆದರೆ ಗಿಟಾರಿನ ತಲೆಯ ಕಡೆ ತಂತಿಗಳನ್ನು ಒಟ್ಟಿಗೆ ಒತ್ತಿದರೆ ಬೆರಳು ನೊಂದು ಕಣ್ಣಲ್ಲಿ ನೀರು ಬಂತು. ಮೌನಪ್ಪನವರು ಗಿಟಾರನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ ಹಣೆ ಚಚ್ಚಿಕೊಂಡರು.

"ಥೂ! ಬಾಗಿಲಾ ಮಾಡೀನಲ್ರಿ ಇದನ್ನ! ಮೂವತ್ತು ವರ್ಷದ ಚಟ, ಹತ್ತರಿ ಹಿಡದ್ರ ಕೈ ತಾನ ಸಪಾಟ್ ಹೊಡೀತೈತಿ."

ತಪ್ಪು ಒಪ್ಪಿಕೊಳ್ಳಲು ಅವರಿಗೆ ನಾಚಿಕೆಯೇ ಇರಲಿಲ್ಲ. ಮೆಟ್ಟಿಲುಗಳನ್ನು ಮತ್ತೆ ಕಿತ್ತರು. ತಂತಿಗಳನ್ನು ಒಟ್ಟಿಗೆ ಹಿಡಿಯುವ ತಲೆಯ ಕಡೆ ಹಲಗೆಯ ಅಂಚುಗಳನ್ನು ಉಜ್ಜಿ ಉರುಟು ಮಾಡಿದರು. ಸ್ವರ ಎಳೆಯುವ ಹೊಟ್ಟೆಯ ಕಡೆಗೆ ಬರುತ್ತಾ ಬರುತ್ತಾ ಸಪಾಟಾಗಿಯೇ ಬಿಟ್ಟರು. ಹಾಗೆ ಮಾಡುವುದು ದೊಡ್ಡ ದೊಡ್ಡ ತಯಾರಕರಿಗೂ ಗೊತ್ತಿರುವ ಪದ್ಧತಿ ಎಂದು ನಾನು ಆಮೇಲೆ ಎಲ್ಲೋ ಓದಿ ಹೇಳಿದೆ. "ಹೌದೇನು? ಅವ್ರೂ ಮೊದ್ಲ ಬಾಗಿಲಾ ಮಾಡಿರ್ಬೇಕು" ಎಂದರು.

ಕುಷ್ಟಗಿಯಲ್ಲಿ ಆ ಸ್ವರ ಬಂದಾಗ ಬಸವರಾಜನ ಮುಖವನ್ನೇ ನೋಡುತ್ತಾ ತಂತಿ ಎಳೆದೆ. ನಿಂತಿತು. ಇಳಿಸಬೇಕಾದ ಜಾಗದಲ್ಲೂ ಇಳಿಸಲಿಲ್ಲ, ಬೇಕೆಂದೇ ತಾಳದ ಎರಡು ಸುತ್ತು ಹೆಚ್ಚಿಗೆ ಹಿಡಿದೆ. ತಬಲಾದವನು ಗಾಬರಿಯಾದ. ಕೋರಸ್ಸಿನ ಮಾತು ಮತ್ತೆ ಯಾರೂ ಎತ್ತಲಿಲ್ಲ. ಮರುದಿನ ಮೌನಪ್ಪನವರು ಆ ಗಿಟಾರು ನಿಮ್ಮಲ್ಲೇ ಇರಲಿ ಎಂದುಬಿಟ್ಟರು.

ವರ್ಷಗಳು ಕಳೆದು, ಕೊನೆಯ ಸಲ ಅವರನ್ನು ಕಂಡಾಗ ಅವರಿಗೆ ಕಣ್ಣು ಮಂಜಾಗಿತ್ತು, ಕೆಲಸ ನಿಂತಿತ್ತು. ನನ್ನ ತೋರುಬೆರಳಿನ ಗಿಣ್ಣು ಬಾತು ಬಿಗಿಯಾಗಿದೆ, ಅದೇ ಸ್ವರ ಮತ್ತೆ ಎಟುಕುತ್ತಿಲ್ಲ ಎಂದೆ.

"ಕುತಿಗಿ ಇನ್ನೊಂದು ಕೂದಲೆಳಿಯಷ್ಟು ಇಳೀಬೇಕು. ನೀವ ಉಜ್ಜರಿ."

"ನಿಮ್ಮ ಕೆಲಸ ನಾ ಹ್ಯಾಂಗ ಕೆಡಸ್ಲಿ?"

"ನಾ ಇದನ್ನ ಮಾಡಿದವ್ರ ಕೆಲಸ ಕೆಡಸ್ಲಿಲ್ಲೇನು?" ಎಂದು ನಕ್ಕರು.

ಮುಂದಿನ ತಿಂಗಳು ಅವರು ತೀರಿಕೊಂಡರು. ಗಿಟಾರನ್ನು ಇನ್ನು ಮುಟ್ಟಬೇಡಿ ಎಂದು ಈಗ ಎಲ್ಲರೂ ನನಗೆ ಬುದ್ಧಿ ಹೇಳುತ್ತಾರೆ. ಬಸವರಾಜನಂತೂ "ದೊಡ್ಡವ್ರ ಕೈಗುರುತು ಐತ್ರಿ ಮೇಡಂ, ಹಂಗ ಇಡ್ರಿ. ನುಡಸೂದು ಸಾಕು" ಎಂದು ಕಣ್ಣೀರು ತೆಗೆದ. ಅವತ್ತು ಕೋರಸ್ಸಿಗೆ ಕರೆದವನೇ ಇವತ್ತು ಪೂಜೆಗೆ ಕೂರಿಸುತ್ತಿದ್ದಾನೆ.

ಹೋದ ಭಾನುವಾರ ಪಡಸಾಲೆಯಲ್ಲಿ ಗಿಟಾರನ್ನು ತೊಡೆಯ ಮೇಲೆ ಬೋರಲು ಮಲಗಿಸಿ, ತಂತಿ ಬಿಚ್ಚಿ, ಪಾಲಿಶ್ ಪೇಪರ್ ಹಿಡಿದು ಕುಳಿತೆ. ಅವರ ಹತ್ತರಿಯ ಗೀರುಗಳು ಬೆರಳಿಗೆ ಸಿಗುತ್ತಿದ್ದವು. ಅವು ಒಂದೊಂದೇ ಅಳಿಯತೊಡಗಿದಾಗ ಅಳು ಬಂತು. ಅಳುತ್ತಲೇ ಉಜ್ಜಿದೆ. ಸಂಜೆ ತಂತಿ ಕಟ್ಟಿ ಎಳೆದೆ. ಬೆರಳು ಎಟುಕಿತು, ಸ್ವರ ನಿಂತಿತು.