ಹಡಗಿನ ಮಂಗಳವಾರ, ನಮ್ಮ ಸೋಮವಾರ

ನಮ್ಮ ಯಜಮಾನರು ಪುಣೆಯ ಶೇಂಗಾ ವ್ಯಾಪಾರಿಯೊಬ್ಬರ ಹತ್ತಿರ ಗುಮಾಸ್ತರಾಗಿದ್ದರು. ವಿಲಾಯತಿಗೆ ಮಾಲು ಹೋಗುವಾಗ ಮುಂಬೈ ಬಂದರಿನಲ್ಲಿ ನಿಂತು, ಚೀಲಗಳು ಹಡಗು ಹತ್ತುವ ಹೊತ್ತನ್ನು ಬರೆದುಕೊಳ್ಳುವುದೂ ಅವರ ಕೆಲಸವೇ. ಕರಾರಿನಂತೆ ಆರು ದಿನದೊಳಗೆ ತುಂಬಬೇಕು. ತಡವಾದರೆ ವ್ಯಾಪಾರಿ ದಂಡ ತೆರಬೇಕು. ಬೇಗ ಮುಗಿದರೆ ಉಳಿದ ವೇಳೆಗೆ ಹಡಗಿನವರು ಇನಾಮು ಕೊಡಬೇಕು.

ಆ ಸಲ ಇವರು ಸೋಮವಾರ ರಾತ್ರಿ ಮುಗಿಯಿತೆಂದು ಬರೆದಿದ್ದರು. ಹಡಗಿನ ದಿನಚರಿಯಲ್ಲಿ ಮಂಗಳವಾರ ಎಂದಿತ್ತು. ಇನಾಮಿನ ಆಸೆಗೆ ಗುಮಾಸ್ತ ಸುಳ್ಳು ಬರೆದಿದ್ದಾನೆ, ತಕರಾರನ್ನು ಪಂಚರೇ ತೀರ್ಮಾನಿಸಲಿ ಎಂದು ಹಡಗಿನವರ ಕಾಗದ ಬಂತು. ಅಂಗಡಿಯ ಸಾವಕಾರರು, "ಪಂಚರ ಮುಂದ ನೀವು ಸುಳ್ಳಾದ್ರ ಮರುದಿನದಿಂದ ಅಂಗಡಿಗೆ ಬರಬ್ಯಾಡ್ರಿ" ಅಂದುಬಿಟ್ಟರು.

ಮಧ್ಯಾಹ್ನ ನಾನು ಜೋಳ ಹಸನು ಮಾಡುತ್ತಿದ್ದೆ. ಅವರು ಎದುರಿಗೆ ಕೂತು ಹಡಗಿನ ದಿನಚರಿಯ ನಕಲನ್ನು ಕನ್ನಡದಲ್ಲಿ ಹೇಳುತ್ತ ಹೋದರು. ಇಷ್ಟು ಗಂಟೆ ಇಷ್ಟು ನಿಮಿಷಕ್ಕೆ ಮಳೆ ಬಂತು, ಕೆಲಸ ನಿಲ್ಲಿಸಿದೆವು. ಇಷ್ಟಕ್ಕೆ ನಿಂತಿತು, ಮತ್ತೆ ಶುರು ಮಾಡಿದೆವು. ಮಳೆಯ ಹೊತ್ತು ಕರಾರಿನ ಲೆಕ್ಕಕ್ಕೆ ಇಲ್ಲವಂತೆ. ನನ್ನ ಕೈ ಮೊರದಲ್ಲೇ ನಿಂತಿತು. ನಾವು ಮಳೆಯನ್ನು ನಕ್ಷತ್ರ ಹಿಡಿದು ಎಣಿಸಿದವರು. ಅಷ್ಟು ದೊಡ್ಡ ಕಬ್ಬಿಣದ ಮನೆ ನೀರಿನ ಮೇಲೆ ನಿಂತು, ಒಂದು ತುಂತುರನ್ನೂ ಬಿಡದೆ ನಿಮಿಷ ಹಿಡಿದು ಬರೆದಿಡುತ್ತದೆಂದರೆ!

"ಅಲ್ರಿ, ಕಡೀ ಚೀಲ ಹತ್ತಿದ್ದು ಎಷ್ಟೊತ್ತಿಗೆ?" ಎಂದೆ.

"ನಾಕು ಗಂಟೇಕ. ಇನ್ನೂ ಸೂರ್ಯ ಹುಟ್ಟಿರಲಿಲ್ಲ."

"ಸೂರ್ಯ ಹುಟ್ಟೂತನಕ ನಮಗ ಸೋಮವಾರನ ಅಲ್ಲೇನ್ರಿ? ಹಡಗಿನವರಿಗೆ ನಡುರಾತ್ರಿಗೇ ವಾರ ಬದಲಾಗ್ತದೋ ಏನೋ!"

ಅವರು ನಕಲನ್ನು ಕೆಳಗಿಟ್ಟರು. "ಇಷ್ಟು ವರ್ಷ ಇಂಗ್ಲಿಷ್ ಕಾಗದಾ ಓದೀನಿ. ವಾರ ಮಾತ್ರ ಅಪ್ಪಾ ಹೇಳಿಕೊಟ್ಟಂಗ ಬರದು ಕೂತೀನಲ್ಲ!"

ನಾನು ಎದ್ದು ಹಳೆಯ ಪಂಚಾಂಗ ತಂದೆ. ನಮ್ಮ ಹಿರಿಮಗಳು ಗಡಿಯಾರದ ಲೆಕ್ಕಕ್ಕೆ ಬುಧವಾರ ಹುಟ್ಟಿದವಳು. ಅಂಚಿನಲ್ಲಿ ಅವರದೇ ಅಕ್ಷರ: ಮಂಗಳವಾರ, ಬೆಳಗಿನ ಜಾವ ಐದು ಗಂಟೆ.

ಪಂಚರಾಗಿದ್ದವರು ಪುಣೆಯ ಕ್ಯಾಂಪ್ ಪೇಟೆಯ ಒಬ್ಬ ನಿವೃತ್ತ ನ್ಯಾಯಾಧೀಶರು. ಇವರು ಬಂದರಿನಲ್ಲಿ ಬರೆದ ವಹಿಯನ್ನೂ ಸಾಕ್ಷಿಗೆಂದು ಒಯ್ದ ಪಂಚಾಂಗವನ್ನೂ ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರಂತೆ. ಕರಾರಿಗೆ ಹಡಗಿನ ಗಡಿಯಾರವೇ ಸರಿ, ನಡುರಾತ್ರಿಯಿಂದಾಚೆಗಿನ ಆ ನಾಲ್ಕು ಗಂಟೆಯ ಹಣ ಇನಾಮಿನಲ್ಲಿ ಕಳೆಯಲಿ ಎಂದರು. ಗುಮಾಸ್ತ ಬರೆದದ್ದು ಸುಳ್ಳಲ್ಲವೆಂದೂ ತೀರ್ಪಿನಲ್ಲಿ ಬರೆದರು. ಒಂದೇ ಗಳಿಗೆಗೆ ಎರಡು ವಾರ, ಎರಡೂ ನಿಜ! ಕೇಳಿ ನನಗೆ ಮೈ ಜುಮ್ಮೆಂದಿತು.

ಹೊರಗೆ ಬಂದ ಸಾವಕಾರರು ಇವರ ಹೆಗಲು ಮುಟ್ಟಿ, "ನಾಳೆ ಹೊತ್ತಿಗೆ ಸರಿಯಾಗಿ ಬರ್ರಿ. ಯಾರ ಹೊತ್ತಿಗೆ ಅಂತ ಮಾತ್ರ ಕೇಳಬ್ಯಾಡ್ರಿ!" ಎಂದರಂತೆ.

ಮರುದಿನ ಅವರು ಎಂದಿಗಿಂತ ಅರ್ಧ ಗಂಟೆ ಮೊದಲೇ ಕೋಟು ತೊಟ್ಟು ಹೊರಟರು.