ಕುದುರೆಯವರ ಮನೆಯ ಕಾಲಾಳು

ಕುದುರೆ ಎಂದರೆ ನನಗೆ ಮೊದಲಿನಿಂದಲೂ ಹೆದರಿಕೆ. ಶಿಕಾರಿಪುರದಲ್ಲಿ ಯಾರದೋ ಮದುವೆ ಮೆರವಣಿಗೆಯಲ್ಲಿ ಮದುಮಗನನ್ನು ಹೊತ್ತು ನಿಂತಿದ್ದ ಬಿಳಿ ಕುದುರೆಯೊಂದು ನನ್ನ ಸೆರಗಿನ ಕಡೆ ಮೂತಿ ಚಾಚಿದಾಗ, ಬ್ಯಾಂಡಿನವರ ನಡುವೆ ನುಗ್ಗಿ ಡೋಲು ಬಾರಿಸುವವನ ಬೆನ್ನಿಗೆ ಅಡಗಿ ನಿಂತವಳು ನಾನು. ಇಂಥವಳು ಹುಟ್ಟಿದ್ದು ಮಾತ್ರ ಕುದುರೆಯವರ ಮನೆಯಲ್ಲಿ. ಹಾಗಂತ ಮನೆಯಲ್ಲಿ ಕುದುರೆ ಇತ್ತೆಂದು ತಿಳಿಯಬೇಡಿ. ಇದ್ದದ್ದು ಕುರಿ. ಅಜ್ಜನ ಕಾಲಕ್ಕೂ ಕುರಿ, ಅವನಜ್ಜನ ಕಾಲಕ್ಕೂ ಕುರಿ, ಈಗ ಬೀರಪ್ಪ ದೊಡ್ಡಪ್ಪನ ಕಾಲಕ್ಕೂ ಕುರಿಯೇ. ಆದರೂ ಬಂದಳಿಕೆ ಕಡೆಯ ನಮ್ಮ ಊರಿನಲ್ಲಿ ನಾವು ಕುದುರೆಯವರು. ಅದಕ್ಕೆ ಕಾರಣ ನಮ್ಮ ಹೊಲದ ಬದುವಿನಲ್ಲಿರುವ ಒಂದು ವೀರಗಲ್ಲು.

ಈ ಸೀಮೆಯಲ್ಲಿ ವೀರಗಲ್ಲಿಗೆ ಬರವಿಲ್ಲ. ಕೆರೆ ಏರಿಯ ಮೇಲೆ ನಿಂತಿರುತ್ತವೆ, ಗುಡಿಯ ಗೋಡೆಗೆ ಒರಗಿರುತ್ತವೆ, ಕೆಲವು ಕಡೆ ಹಳ್ಳ ದಾಟುವವರ ಅನುಕೂಲಕ್ಕೆಂದು ಅಡ್ಡ ಮಲಗಿರುತ್ತವೆ. ಯಾವುದೋ ಕಾಲದಲ್ಲಿ ಹೋರಾಡಿ ಸತ್ತವನ ನೆನಪಿಗೆ ಊರವರು ಕಡೆಸಿ ನಿಲ್ಲಿಸಿದ ಕಲ್ಲುಗಳಿವು. ನಮ್ಮದು ಎದೆಮಟ್ಟದ್ದು, ಒಂದರ ಮೇಲೊಂದು ಮೂರು ಪಟ್ಟಿಕೆಗಳಲ್ಲಿ ಚಿತ್ರಗಳಿವೆ. ಕೆಳಗಿನ ಪಟ್ಟಿಕೆಯಲ್ಲಿ ಈಟಿ ಎತ್ತಿಕೊಂಡು ಕುದುರೆ ಏರಿ ಬರುವ ಸವಾರನೊಬ್ಬನಿದ್ದಾನೆ. ನೋಡಿದವರ ಕಣ್ಣು ಮೊದಲು ಹೋಗುವುದೇ ಅವನ ಮೇಲೆ. ಅವನೇ ನಮ್ಮ ಮೂಲಪುರುಷ, ಯಾವುದೋ ರಾಜನ ದಂಡಿನಲ್ಲಿ ಸರದಾರನಾಗಿದ್ದವನು ಎಂದು ನಾವೆಲ್ಲ ನಂಬಿ ಬೆಳೆದೆವು. ಮಹಾಲಯ ಅಮಾವಾಸ್ಯೆಗೆ ದೊಡ್ಡಪ್ಪ ಕಲ್ಲು ತೊಳೆದು, ಎಣ್ಣೆ ಸವರಿ, ಸವಾರನ ಹಣೆಗೆ ಕುಂಕುಮ ಇಟ್ಟು, ಬಾಳೆಲೆಯಲ್ಲಿ ಕಡುಬು, ಮಾಂಸದ ಸಾರು ಬಡಿಸಿ ಎಡೆ ಇಡುತ್ತಾನೆ. ಪಕ್ಕದಲ್ಲಿ ಒಂದು ಕಟ್ಟು ಬೀಡಿ. ಕುದುರೆ ಉಪವಾಸ ಇರಬಾರದೆಂದು ಒಂದು ಹಿಡಿ ನೆನೆಸಿದ ಹುರುಳಿ.

ಮೇಷ್ಟರಿಕೆಯಿಂದ ನಿವೃತ್ತಳಾಗಿ ಸೊರಬದ ಮನೆಯಲ್ಲಿ ಕೂತಿದ್ದ ನನಗೆ ಈ ಸವಾರ ಗಂಟುಬಿದ್ದದ್ದು ದೊಡ್ಡಪ್ಪನ ಮಗ ಮಂಜನಿಂದ. ಊರಲ್ಲಿ ಹೊಸ ಮನೆ ಕಟ್ಟಿಸಿದ ಮಂಜ ಗೇಟಿಗೆ ಕಬ್ಬಿಣದ ಎರಡು ಕುದುರೆ ಕೂರಿಸಿ, ಪಡಸಾಲೆಯ ಗೋಡೆಗೆ ವಂಶವೃಕ್ಷ ಬೇಕೆಂದ. ಬರೆದುಕೊಡುವ ಕೆಲಸ ನನಗೆ. ನಾನು ಕಲಿಸುತ್ತಿದ್ದದ್ದು ಗಣಿತ, ಚರಿತ್ರೆಯಲ್ಲ ಎಂದರೂ ಕೇಳಲಿಲ್ಲ. ಓದಿದವರಿಗೆ ಎಲ್ಲವೂ ಗೊತ್ತಿರುತ್ತದೆ ಎಂಬ ಭ್ರಮೆ ನಮ್ಮ ಊರಿನಲ್ಲಿ ಇನ್ನೂ ಇದೆ, ಅದನ್ನು ಕೆಡಿಸಲು ನನಗೂ ಮನಸ್ಸಿರಲಿಲ್ಲ. ಆದರೆ ಒಪ್ಪಿಕೊಂಡದ್ದು ಮಂಜನಿಗಾಗಿ ಅಲ್ಲ. ಆ ಮನೆಯ ಗೃಹಪ್ರವೇಶ ಮುಗಿಸಿ ಊರಿಂದ ಹೊರಡುವಾಗ ದೊಡ್ಡಪ್ಪ ನನ್ನನ್ನು ಕುರಿಹಟ್ಟಿಯ ಹತ್ತಿರ ಕರೆದು ಒಂದು ಮಾತು ಹೇಳಿದ್ದ.

“ತಂಗೀ, ಎಡಿ ಇಡುವಾಗ ನಮ್ಮಪ್ಪನ್ನ ಹೆಸರಿಡಿದು ಕರಿತೀನಿ, ನಮ್ಮವ್ವನ್ನ ಕರಿತೀನಿ. ಇವನ್ನ ಏನಂತ ಕರೀಲಿ? ಹೆಸರೇ ಗೊತ್ತಿಲ್ಲ. ನಾನು ಇರಾದ್ರೊಳಗ ಅದೊಂದು ಹುಡುಕಿ ಕೊಡವ್ವ. ಒಂದ್ಸಲ ಹೆಸರಿಡಿದು ಕರ್ದು ಉಣಸ್ತೀನಿ.”

ದೊಡ್ಡಪ್ಪನಿಗೆ ಈಗ ಎಂಬತ್ತು ದಾಟಿದೆ. ಅವನು ಯಾರ ಹತ್ತಿರವೂ ಏನನ್ನೂ ಕೇಳಿದವನಲ್ಲ. ಹುಡುಕುತ್ತೇನೆ ಎಂದುಬಿಟ್ಟೆ.

ಪೂರ್ವಿಕರನ್ನು ಹುಡುಕಲು ಹೊರಟವರ ಜೊತೆ ನಾಲ್ಕು ಮಾತಾಡಿ ನೋಡಿ. ಒಬ್ಬರಿಗೆ ಸೇನಾಪತಿ ಸಿಕ್ಕಿರುತ್ತಾನೆ, ಇನ್ನೊಬ್ಬರಿಗೆ ಕೋಟೆಯ ಕಿಲ್ಲೇದಾರ. ಅಡುಗೆಯವನು ಸಿಕ್ಕ ಎಂದವರನ್ನು ನಾನಂತೂ ಕಂಡಿಲ್ಲ. ಅಷ್ಟೆಲ್ಲ ಸೇನಾಪತಿಗಳಿದ್ದರೆ ಆ ಸೈನ್ಯಗಳಲ್ಲಿ ಸೌದೆ ಒಡೆದವರು ಯಾರು, ನೀರು ಹೊತ್ತವರು ಯಾರು? ತಲೆಮಾರಿಗೆ ಇಮ್ಮಡಿಯಂತೆ ಲೆಕ್ಕ ಹಾಕಿದರೆ ಇಪ್ಪತ್ತು ತಲೆಮಾರು ಹಿಂದಕ್ಕೆ ನಮಗೆಲ್ಲ ಹತ್ತು ಲಕ್ಷಕ್ಕೂ ಮೀರಿದ ಹಿರಿಯರಿರಬೇಕು. ಅಷ್ಟು ಜನರಲ್ಲಿ ಒಬ್ಬನಾದರೂ ರಣಕಹಳೆ ಕೇಳಿದೊಡನೆ ಜೋಳ ತುಂಬುವ ಹಗೇವಿನೊಳಗೆ ಇಳಿದು ಮುಚ್ಚಳ ಎಳೆದುಕೊಂಡಿರಲಾರನೇ? ನನಗೇನೋ ನಾನು ಅವನ ಕಡೆಯವಳೇ ಎಂಬ ಗುಮಾನಿ. ಮದುವೆಯ ಕುದುರೆಯ ಮುಂದೆ ನಾನು ತೋರಿದ ಚುರುಕು ಸುಮ್ಮನೆ ಬಂದದ್ದಲ್ಲ. ಆದರೆ ಓಡಿಹೋದವನಿಗೆ ಯಾರೂ ಕಲ್ಲು ನಿಲ್ಲಿಸುವುದಿಲ್ಲವಾದ್ದರಿಂದ ವಂಶವೃಕ್ಷದಲ್ಲಿ ಅವನಿಗೆ ಜಾಗವಿಲ್ಲ.

ಕುಪ್ಪಗಡ್ಡೆ ಕಡೆಯವರಾದ ನಮ್ಮ ಮನೆಯವರಿಗೆ ನನ್ನ ಈ ಸಂಶೋಧನೆ ಒಳ್ಳೆಯ ತಮಾಷೆಯಾಯಿತು. “ನಮ್ ಕಡೆ ಯಾರೂ ಯುದ್ಧದಲ್ಲಿ ಸತ್ತಿಲ್ಲ ಮಾರಾಯ್ತಿ, ಹಂಗಾಗೇ ಇಷ್ಟು ಜನ ಉಳ್ಕಂಡೀವಿ,” ಎಂದು ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದರು. ಮದುವೆಯಾದಾಗಿನಿಂದ ಅವರು ಹೇಳಿದ ಮಾತುಗಳಲ್ಲಿ ತರ್ಕಕ್ಕೆ ನಿಲ್ಲುವಂಥದ್ದು ಇದೊಂದೇ ಇರಬೇಕು. ನಾನು ಊರಿಗೆಂದು ಶಿರಾಳಕೊಪ್ಪದ ಬಸ್ಸು ಹತ್ತಿದೆ.

ಹೆಸರು ಹುಡುಕಲು ಬಹಳ ಹೊತ್ತೇನೂ ಬೇಕಾಗಲಿಲ್ಲ. ಅದು ಸಿಗುವುದಿಲ್ಲವೆಂದು ಅರ್ಧ ಗಂಟೆಯಲ್ಲೇ ತಿಳಿಯಿತು. ಪಟ್ಟಿಕೆಗಳ ನಡುವಿನ ಅಂಚಿನಲ್ಲಿ ಅಕ್ಷರಗಳಿದ್ದದ್ದು ನಿಜ. ಎಣ್ಣೆಯ ಜಿಡ್ಡನ್ನು ಬಿಸಿನೀರಿನಿಂದ ತೆಗೆದು, ಮೊಬೈಲಿನ ಬೆಳಕನ್ನು ಓರೆಯಾಗಿ ಹಿಡಿದರೆ ಅಲ್ಲಲ್ಲಿ ಒಂದೊಂದು ಗೀಟು ಕಾಣುತ್ತಿತ್ತು. ಉಳಿದಲ್ಲೆಲ್ಲ ಕಲ್ಲು ಬೋಳಾಗಿ, ನುಣುಪಾಗಿ, ನಡುವೆ ತಗ್ಗಾಗಿ ಸವೆದಿತ್ತು. ಇದೇನು ದೊಡ್ಡಪ್ಪ ಎಂದು ಕೇಳಿದರೆ ಅವನು ಸಹಜವಾಗಿ, “ಕುಡಗೋಲು ಮಸಿಯಾ ಜಾಗ ಅಲ್ಲೇನವ್ವ ಅದು,” ಎಂದ. ತಲತಲಾಂತರದಿಂದ ನಮ್ಮ ಮನೆಯವರು ಸುಗ್ಗಿಗೆ ಮುಂಚೆ ಕುಡುಗೋಲು ಮಸೆದುಕೊಂಡದ್ದು ಮೂಲಪುರುಷನ ಹೆಸರಿನ ಮೇಲೆ. ವರ್ಷಕ್ಕೊಂದು ದಿನ ಊಟ ಹಾಕಿ, ಉಳಿದ ದಿನ ಅವನ ಹೆಸರು ಅಳಿಸುತ್ತಾ ಬಂದಿದ್ದೆವು. ಸಿಟ್ಟು ಬರಬೇಕಾಗಿತ್ತು, ನನಗೆ ನಗು ಬಂತು. ದೊಡ್ಡಪ್ಪನ ಮುಖ ನೋಡಿ ಅದನ್ನೂ ನುಂಗಿಕೊಂಡೆ.

ಬರಿಗೈಯಲ್ಲಿ ಹೋಗುವುದು ಹೇಗೆಂದು ಮಾರನೆಯ ದಿನ ಬಂದಳಿಕೆಗೆ ಹೋದೆ. ಅಲ್ಲಿನ ಹಾಳುಬಿದ್ದ ಗುಡಿಗಳ ಸುತ್ತ ಇಂಥ ಕಲ್ಲುಗಳನ್ನು ಬೇಕಾದಷ್ಟು ನೋಡಬಹುದು. ಯಾವುದೋ ಕಾಲೇಜಿನ ಮಕ್ಕಳನ್ನು ಕರೆತಂದಿದ್ದ ಮೇಡಂ ಒಬ್ಬರು ವೀರಗಲ್ಲಿನ ಮುಂದೆ ಪಾಠ ಹೇಳುತ್ತಿದ್ದರು. ನಾನು ಹಿಂದಿನ ಸಾಲಿನಲ್ಲಿ ನಿಂತೆ. ಇದನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು ಎಂದರು ಮೇಡಂ. ಕೆಳಗೆ ವೀರ ಕಾದುತ್ತಾನೆ, ನಡುವೆ ಅಪ್ಸರೆಯರು ಅವನನ್ನು ಕರೆದೊಯ್ಯುತ್ತಾರೆ, ಮೇಲೆ ಅವನು ಕೈಲಾಸದಲ್ಲಿ ಲಿಂಗದ ಮುಂದೆ ಕೂತಿರುತ್ತಾನೆ. ಮೂರರಲ್ಲೂ ಕಾಣಿಸಿಕೊಳ್ಳುವವನು ಯಾರೋ ಅವನದೇ ಈ ಕಲ್ಲು.

ಮಕ್ಕಳು ಮುಂದೆ ಹೋದ ಮೇಲೆ ಮೇಡಮ್ಮಿಗೆ ನಮ್ಮ ಕಲ್ಲಿನ ಫೋಟೋ ತೋರಿಸಿದೆ. ಅವರು ಅದನ್ನು ಬೆರಳಿನಿಂದ ಹಿಗ್ಗಿಸಿ ನೋಡಿದರು. ಸವಾರನ ಎದುರಿಗೆ, ಮೂಲೆಯಲ್ಲಿ, ತಲೆಗೂದಲನ್ನು ಪಕ್ಕಕ್ಕೆ ತುರುಬು ಕಟ್ಟಿ ಬಿಲ್ಲು ಹಿಡಿದ ಒಬ್ಬ ಕಾಲಾಳು. ಅವನ ಬೆನ್ನ ಹಿಂದೆ ಬೆರಳುದ್ದದ ಹಸುಗಳು. ಅದೇ ಪಕ್ಕದ ತುರುಬು ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರ ನಡುವೆ, ಅದೇ ತುರುಬು ಮೇಲೆ ಲಿಂಗದ ಮುಂದೆ. ಸವಾರ ಮಾತ್ರ ಕೆಳಗೇ ಉಳಿದಿದ್ದಾನೆ, ಮೇಲಕ್ಕೆ ಅವನನ್ನು ಯಾರೂ ಕರೆದಿಲ್ಲ.

“ಇದು ದನ ಹೊಡ್ಕೊಂಡು ಹೋಗೋಕೆ ಬಂದವರನ್ನ ತಡೆದವನ ಕಲ್ಲು ಕಣ್ರೀ,” ಎಂದರು ಮೇಡಂ. ಆಮೇಲೆ ಸ್ವಲ್ಪ ಸಂಕೋಚದಿಂದ ಕೇಳಿದರು, “ಕುಂಕುಮ ಯಾಕ್ರೀ ಶತ್ರುಗೆ ಹಚ್ಚಿದೀರಿ?”

ನಮ್ಮವನನ್ನು ಕೊಂದವನಿಗೆ ವರ್ಷ ವರ್ಷವೂ ಕಡುಬು ಬಡಿಸಿ, ಬೀಡಿ ಕೊಟ್ಟು, ಅವನ ಕುದುರೆಗೆ ಹುರುಳಿ ಹಾಕಿದ ಮನೆತನ ನಮ್ಮದು. ಎದುರಿಗೇ ಬಿಲ್ಲು ಹಿಡಿದು ನಿಂತ ನಮ್ಮವನು ಅದನ್ನೆಲ್ಲ ನೋಡುತ್ತಾ ಹಸಿದುಕೊಂಡೇ ಇದ್ದ. ಹೂಂ, ಹಾಂ ಎಂದು ಏನೋ ಹೇಳಿ ಅಲ್ಲಿಂದ ಕಾಲ್ತೆಗೆದೆ.

ಮಂಜನಿಗೆ ಹೇಳಿದರೆ ಅವನಿಗೆ ಗೇಟಿನ ಚಿಂತೆ. ನನಗೆ ದೊಡ್ಡಪ್ಪನ ಚಿಂತೆ. ಬದುಕೆಲ್ಲ ಆ ಸವಾರನನ್ನು ಮನೆಯ ಹಿರಿಯನೆಂದು ನೆಚ್ಚಿಕೊಂಡ ಮುದುಕನಿಗೆ, ನೀನು ಉಣಿಸಿದ್ದು ವೈರಿಗೆ ಎಂದು ಯಾವ ಬಾಯಿಂದ ಹೇಳುವುದು? ಹೇಳದೆ ಇದ್ದರೆ ಈ ವರ್ಷವೂ ನಮ್ಮವನಿಗೆ ಉಪವಾಸ. ಹೇಳಬೇಕು ಎಂದು ಒಮ್ಮೆ, ಬೇಡ ಎಂದು ಒಮ್ಮೆ ಅಂದುಕೊಳ್ಳುತ್ತಿರುವಾಗಲೇ ಅಮಾವಾಸ್ಯೆ ಬಂತು.

ಬುಟ್ಟಿ ಹೊತ್ತ ಮಂಜನ ಹೆಂಡತಿ ರೇಣುಕಾ, ಸಾರಿನ ಪಾತ್ರೆ ಹಿಡಿದ ನಾನು, ಮುಂದೆ ಕೋಲೂರಿಕೊಂಡು ದೊಡ್ಡಪ್ಪ. ಹೊಲದಲ್ಲಿ ಮೆಕ್ಕೆಜೋಳ ಆಳೆತ್ತರ ಬೆಳೆದಿತ್ತು. ಕಲ್ಲು ತೊಳೆದು ದೊಡ್ಡಪ್ಪ ಕುಂಕುಮದಲ್ಲಿ ಬೆರಳದ್ದಿದ. ಬೆರಳು ಸವಾರನ ಹಣೆಯ ಹತ್ತಿರ ಹೋಗುತ್ತಿದ್ದಂತೆ ನನಗೆ ತಡೆಯಲಾಗಲಿಲ್ಲ, “ದೊಡ್ಡಪ್ಪ, ಅವನಲ್ಲ” ಎಂದೆ. ಶುರು ಮಾಡಿದ ಮೇಲೆ ಎಲ್ಲವನ್ನೂ ಹೇಳಿದೆ. ಮೂರೂ ಕಡೆ ಆ ತುರುಬನ್ನು ಬೆರಳಿಟ್ಟು ತೋರಿಸಿದೆ. ಹೆಸರು ಸಿಗುವುದಿಲ್ಲ ಎಂಬುದನ್ನೂ ಹೇಳಿದೆ.

ದೊಡ್ಡಪ್ಪ ಬದುವಿನ ಮೇಲೆ ಕೂತುಬಿಟ್ಟ. ಬೆರಳಿನ ಕುಂಕುಮ ಹಾಗೇ ಇತ್ತು. ರೇಣುಕಾ ನನ್ನನ್ನು ನೋಡಿದ ನೋಟಕ್ಕೆ, ಸಂಶೋಧನೆ ಎಂಬ ಚಟ ಹತ್ತಿಸಿಕೊಂಡದ್ದಕ್ಕೆ ನನ್ನನ್ನೇ ಬೈದುಕೊಂಡೆ. ದೊಡ್ಡಪ್ಪ ತಲೆ ಎತ್ತಿ ಕೇಳಿದ.

“ದನ ಸಿಕ್ಕುವಾ?”

ನನಗೆ ಅರ್ಥವಾಗಲಿಲ್ಲ.

“ಇವ್ನು ಸತ್ತ, ಅದು ಆತು. ಹೊಡಕೊಂಡು ಹೋಗಿದ್ದ ದನ ತಿರುಗಿ ಮನಿಗೆ ಬಂದ್ವಾ ಇಲ್ವಾ?”

ಬಂದವು ಎಂದೆ. ದನ ಉಳಿಸಿಕೊಟ್ಟದ್ದಕ್ಕೇ ಊರವರು ಇಂಥ ಕಲ್ಲು ನಿಲ್ಲಿಸುತ್ತಿದ್ದರಂತೆ ಎಂದೆ. ಮೇಡಂ ಹೇಳಿದ್ದೂ ಹೆಚ್ಚುಕಡಿಮೆ ಹಾಗೆಯೇ. ಸ್ವಲ್ಪ ಅನುಮಾನವಿದ್ದರೂ ಆ ಹೊತ್ತಿನಲ್ಲಿ ನಾನು ಬೇರೆ ಉತ್ತರ ಕೊಡುತ್ತಿರಲಿಲ್ಲ.

“ಹಂಗಾದ್ರ ಆತು ಬಿಡು,” ಎಂದು ದೊಡ್ಡಪ್ಪ ಮೊಣಕಾಲ ಮೇಲೆ ಕೈಯೂರಿ ಎದ್ದ. ಅವನ ಮುಖ ತಿಳಿಯಾಗಿತ್ತು. ಕುರಿ ಕಳೆದ ರಾತ್ರಿಗಳನ್ನು ಅವನು ಕಂಡವನು. ಮರಳಿ ಬಂದ ಕುರಿಯ ಬೆಲೆ ಅವನಿಗೆ ಗೊತ್ತು, ಸರದಾರಿಕೆಯ ಬೆಲೆ ಅವನಿಗೆ ಎಂದೂ ಬೇಕಿರಲಿಲ್ಲ. ಅದು ನಮ್ಮಂಥವರಿಗೆ ಬೇಕಾಗಿದ್ದದ್ದು. ಅವನು ಕಾಲಾಳಿನ ಹಣೆಗೆ ಕುಂಕುಮವಿಟ್ಟ, ಬಗ್ಗಿ ಹಿಂದಿನ ಹಸುಗಳಿಗೂ ಒಂದೊಂದು ಚುಕ್ಕೆ ಇಟ್ಟ. ಎಲೆ ಹಾಸಿ, ಕಡುಬು ಬಡಿಸಿ, ಸಾರು ಬಿಟ್ಟು ಕೈ ಮುಗಿದು ಗಟ್ಟಿಯಾಗಿ ಕರೆದ: “ಬಾರಪ್ಪಾ, ದನ ತಂದೋನೇ, ಉಣ್ಣು ಬಾ.”

ನನ್ನ ಕಣ್ಣು ತುಂಬಿ ಬಂತು. ವಂಶವೃಕ್ಷದ ಬುಡದಲ್ಲಿ ಬರೆಯಬೇಕಾದ ಹೆಸರು ಸಿಕ್ಕಿತು ಎಂದುಕೊಂಡೆ. ಗೇಟಿನ ಕುದುರೆಗಳನ್ನು ಮಂಜ ಏನಾದರೂ ಮಾಡಿಕೊಳ್ಳಲಿ.

ಪಾತ್ರೆ ಎತ್ತಿಕೊಳ್ಳಲು ಬಗ್ಗಿದೆ. ದೊಡ್ಡಪ್ಪ ಬುಟ್ಟಿಯಲ್ಲಿ ಕೈಯಾಡಿಸುತ್ತಿದ್ದ. ಇನ್ನೊಂದು ಎಲೆ ತೆಗೆದು, ಒರೆಸಿ, ಸವಾರನ ಮುಂದೆ ಹಾಸಿದ. ಒಂದೇ ಒಂದು ಕಡುಬು ಇಟ್ಟ.

“ಮಾವಾ, ಅವ್ನು ಕಳ್ಳ ಅಂತಲ್ಲಾ?” ಎಂದಳು ರೇಣುಕಾ.

“ಹೌದವ್ವ, ಕಳ್ಳನ,” ಎಂದ ದೊಡ್ಡಪ್ಪ. “ನಮ್ಮಜ್ಜ ಕರ್ದು ಕುಂಡ್ರಿಸ್ಯಾನ. ಎಲಿ ಮುಂದ ಕುಂತೋನ್ನ ಎಬ್ಬಿಸಬಾರ್ದು. ತಂಗೀ, ಸಾರು ಬಿಡು.”

ನಾನು ಸಾರು ಬಿಟ್ಟೆ. ಒಂದು ತುಂಡೂ ಹಾಕಿದೆ.